ಅರ್ತು

ಬ್ರೇಕ್ ತುಳಿದರೆ ಇಂಡಿಕೇಟರ್ ಮಂಕಾಗಿ ಕಣ್ಣು ಬಿಡುತ್ತದೆ.
ಇಂಡಿಕೇಟರ್ ಹಾಕಿದರೆ ಬ್ರೇಕ್ ದೀಪ ತಾಳ ಹಾಕುತ್ತದೆ.
ರಿವರ್ಸಿಗೆ ಬಿದ್ದರೆ ಮೀಟರಿನ ಹಿಂದೆ
ಯಾರೋ ಬೀಡಿ ಎಳೆದ ಹಾಗೆ ಒಂದು ಕೆಂಪು.

ನನ್ನದು ಸಸಿ ಸಾಗಿಸುವ ಓಮ್ನಿ.
ಟೊಮೇಟೊ, ಬದನೆ, ಹೂಕೋಸು,
ಟ್ರೇಗೆ ತೊಂಬತ್ತೆಂಟು ಮಕ್ಕಳು,
ಐದಕ್ಕೆ ಹೊರಟು ಬಿಸಿಲೇರುವ ಮುಂಚೆ ಇಳಿಸಬೇಕು.
ನಾನು ನಿಲ್ಲುತ್ತೇನೋ ತಿರುಗುತ್ತೇನೋ ತಿಳಿಯದೆ
ಚೇಳೂರು ರಸ್ತೆಯಲ್ಲಿ ದಿನಕ್ಕೊಬ್ಬರು
ನನ್ನ ತವರನ್ನು ನೆನೆಯುತ್ತಿದ್ದರು.

ಮೊದಲನೆಯವನು ಬ್ಯಾಟರಿ ಬದಲಿಸಿದ.
ಎರಡನೆಯವನು ಬಲ್ಬು, ಫ್ಲ್ಯಾಶರು, ಸ್ವಿಚ್ಚು,
ಕೊನೆಗೆ ಒಂದು ನಿಂಬೆಹಣ್ಣು ಕಟ್ಟಿ ಕಳಿಸಿದ.
ನಿಂಬೆಹಣ್ಣಿಗೆ ಮಾತ್ರ ದುಡ್ಡು ತಗೊಳ್ಳಲಿಲ್ಲ.

ಕದಿರಪ್ಪನ ಅಂಗಡಿ ಚಿಂತಾಮಣಿಯ ಆ ತುದಿಗೆ,
ಪಂಚರ್ ಅಂಗಡಿಗೂ ಕಬ್ಬಿನ ಹಾಲಿನ ಗಾಡಿಗೂ ನಡುವೆ.
ಒಂದು ಶಟರು, ಒಂದು ಸ್ಟೂಲು, ಬೋರ್ಡಿಲ್ಲ.
ಒಂದು ಸ್ಕ್ರೂ ಕೂಡ ಬಿಚ್ಚದೆ
ಹಿಂದಿನ ಬಾಗಿಲ ಮೇಲೆ ಬೆರಳಾಡಿಸಿ ಕೇಳಿದ:
“ಬಣ್ಣ ಯಾವಾಗ ಹೊಡೆಸಿದ್ದು, ನರ್ಸರಿಯಮ್ಮ?”
ಯುಗಾದಿಗೆ ಅಂದೆ. ದಸ್ತಗೀರ್ ಹತ್ತಿರ.
“ಚೆನ್ನಾಗಿ ಹೊಡೆದವ್ನೆ.”

ಹಳೆಯ ಬಲ್ಬಿಗೆ ಬೆಸೆದ ಎರಡು ವೈರು,
ಒಂದರ ತುದಿಗೆ ಮೊಸಳೆ ಕ್ಲಿಪ್ಪು,
ಇನ್ನೊಂದಕ್ಕೆ ಗೋಣಿಚೀಲ ಹೊಲಿಯುವ ದಬ್ಬಳ.
ಕ್ಲಿಪ್ಪು ಬ್ಯಾಟರಿಯ ಪ್ಲಸ್ಸಿಗೆ.
ದಬ್ಬಳ ಬಾಗಿಲ ಕೀಲಿಗೆ: ಉರಿಯಿತು.
ಸೀಟಿನ ಕಂಬಿಗೆ: ಉರಿಯಿತು.
ಹಿಂದಿನ ದೀಪದ ಕಪ್ಪು ವೈರು ಬಂದು ಕೂತಿದ್ದ
ಆ ಬೆಳ್ಳನೆ ಬೋಲ್ಟಿಗೆ ಚುಚ್ಚಿದ.
ಬಲ್ಬು, ಸಂತೆಯ ಮೀನಿನ ಕಣ್ಣು.

“ಇದಕ್ಕೆ ಅರ್ತಿಲ್ಲಮ್ಮ.”
“ಅರ್ಥವಿಲ್ಲ ಅಂತ ನಾನೂ ಆರು ತಿಂಗಳಿಂದ ಹೇಳ್ತಿದೀನಲ್ಲ!”
ಅವನು ನಗಲಿಲ್ಲ. ಕಿವಿ ಸ್ವಲ್ಪ ಮಂದ.

ಕಬ್ಬಿನ ಹಾಲು ಬರುವಷ್ಟರಲ್ಲಿ ಪಾಠ:
ಗಾಡಿ ನಿಂತಿರೋದು ರಬ್ಬರ್ ಮೇಲೆ, ನೆಲ ಅದಕ್ಕಿಲ್ಲ.
ಅದರ ಮೈಯೇ ಅದರ ನೆಲ.
ಕರೆಂಟು ಹೋಗೋದು ವೈರಿನಲ್ಲಿ, ವಾಪಸ್ಸು ಬರೋದು ತಗಡಿನಲ್ಲಿ.
ಬರೋ ಬಾಗಿಲು ಮುಚ್ಚಿದರೆ ಅದು ಕೂತು ಅಳುತ್ತಾ?
ಪಕ್ಕದ ಮನೆ ಹಿತ್ತಲು ಹಾರಿ
ಇಂಡಿಕೇಟರಿನ ಅಡುಗೆಮನೆಯೊಳಗೆ ನುಗ್ಗಿ
ಅಲ್ಲಿ ಒಲೆ ಹೊತ್ತಿಸಿ ತನ್ನ ಮನೆ ಸೇರುತ್ತೆ.
“ದೀಪ ಕೆಟ್ಟಿಲ್ಲ. ದಾರಿ ಕೇಳ್ತಾ ಇದೆ.”

ಹತ್ತರ ಸ್ಪ್ಯಾನರಿನಲ್ಲಿ ಬೋಲ್ಟು ಬಿಚ್ಚಿದ.
ತಲೆ, ಕತ್ತು, ವಾಷರು, ಅದರಡಿಯ ತಗಡು,
ಎಲ್ಲಕ್ಕೂ ದಸ್ತಗೀರನ ಬಿಳುಪು, ಎರಡು ಕೋಟು,
ಯಾರೂ ಬಗ್ಗಿ ನೋಡದ ಜಾಗಕ್ಕೂ.
ಸಿಗಲಿ ಅವನು, ವಿಚಾರಿಸಿಕೊಳ್ತೀನಿ ಅಂದೆ.
ಕದಿರಪ್ಪ ಎಮರಿ ಹಾಳೆ ಮಡಚುತ್ತಾ
ಮೊದಲ ಸಲ ನನ್ನ ಮುಖ ನೋಡಿದ.
“ಬೇಡ. ತುಕ್ಕು ಹಿಡೀಬಾರದು ಅಂತ ಬಳಿದವ್ನೆ.
ಸೋಮಾರಿ ಪೇಂಟರ್ ಆಗಿದ್ರೆ ಇಲ್ಲಿ ಬಿಟ್ಟಿರೋನು.
ನಿಮ್ಮ ದೀಪಾನೂ ಉರೀತಿತ್ತು.”

ಉಜ್ಜಿದ. ಬಿಳಿ ಹೋಯಿತು.
ಬೂದು ಪುಟ್ಟಿ ಹೋಯಿತು, ಇಟ್ಟಿಗೆ ಬಣ್ಣದ ಪ್ರೈಮರು.
ಆಮೇಲೆ ರೂಪಾಯಿ ಅಗಲಕ್ಕೆ ಬರೀ ಉಕ್ಕು,
ಮುಖ ತೊಳೆದು ಬಂದ ಹಾಗೆ.
ವ್ಯಾಸಲಿನ್ ಸವರಿ, ಬೋಲ್ಟು ಬಿಗಿದು,
“ಎಂಬತ್ತು ರೂಪಾಯಿ, ಹತ್ತು ಮೆಣಸಿನ ಸಸಿ” ಅಂದ.
ಖಾರದ್ದೇ ಬೇಕಂತೆ.

ಕೈವಾರ ಕ್ರಾಸಿಗೆ ಬರುವಾಗ ಮುಸ್ಸಂಜೆ.
ಹಿಂದೆ ಹಾಲಿನ ಟ್ಯಾಂಕರು.
ಸುಮ್ಮನೆ ಬ್ರೇಕ್ ಮುಟ್ಟಿದೆ:
ಕನ್ನಡಿಯಲ್ಲಿ ಅದರ ಬಂಪರ್ ಕೆಂಪಾಯಿತು.
ಬಿಟ್ಟೆ. ಕಪ್ಪಾಯಿತು.
ಮತ್ತೆ ಮುಟ್ಟಿದೆ.
ಮತ್ತೆ.
ಟ್ಯಾಂಕರಿನವನು ಹಾರನ್ ಹೊಡೆದು, ಪಕ್ಕಕ್ಕೆ ಬಂದು,
ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಕೇಳಿದ:
“ನಿಲ್ತೀಯೋ ಹೋಗ್ತೀಯೋ, ತಾಯಿ?”

ಹೋಗ್ತೀನಪ್ಪ, ಅಂದೆ.
ಹಿಂದೆ ಖಾಲಿ ಟ್ರೇಗಳು ಗಲಗಲ.