ಎಡಭುಜ, ಅರ್ಧ ಇಂಚು

ನಮ್ಮ ಬೆನ್ನು ನಾವು ನೋಡಿಕೊಳ್ಳುವುದು ಅಪರೂಪ.
ನಾನು ನೋಡಿದ್ದು ಹೋದ ಗುರುವಾರ,
ಟೇಲರ್ ಮೈನೋದ್ದೀನ್ ಚಾಚಾ
ಜೇಬಿನಿಂದ ತೆಗೆದು, ನಮ್ಮ ಕಟ್ಟೆಯ ಮೇಲೆ
ಬಿಚ್ಚಿಟ್ಟ ನೋಟೀಸಿನಲ್ಲಿ.

ಸ್ಕೂಟರು ಅವರದೇ. ಹನ್ನೊಂದು ತಿಂಗಳ ಕೆಳಗೆ ಕೊಂಡದ್ದು.
ಹೆಸರು ಬದಲಿಸುವ ಕಾಗದ ನನ್ನ ಡ್ರಾದಲ್ಲಿ
ಬಿಲ್ಲು, ಗುಳಿಗೆ, ಸತ್ತ ಸೆಲ್ಲುಗಳ ಕೆಳಗೆ
ನಾಳೆ ನಾಳೆ ಅನ್ನುತ್ತ ಮಲಗಿತ್ತು.

ಚಿತ್ರದಲ್ಲಿ ಚೌಬಾರಾ, ಮಧ್ಯಾಹ್ನದ ಬಿಳಿ ಬಿಸಿಲು.
ಗೋಪುರ ಸುತ್ತಿ ಬರುವ ಬದಲು
ಉಲ್ಟಾ ನುಗ್ಗಿದ ಒಂದು ಬೆನ್ನು.
ಮುಖ ಇಲ್ಲ. ತಲೆಯ ಮೇಲೆ ಹೆಲ್ಮೆಟ್ಟಿಲ್ಲ,
ಅದು ಮೊಣಕೈಗೆ ತೂಗಿತ್ತು, ಕಾಯಿಪಲ್ಲೆ ಚೀಲದ ಹಾಗೆ.
ಮುಂದೆ ನಿಂತ ಮಗಳದು
ರಿಬ್ಬನ್ನಿನ ಒಂದು ತುದಿ ಮಾತ್ರ, ಕೆಂಪು.

"ಚಾಚಾ, ಈ ಗಾಡಿ ನಾ ಒಬ್ಬನ ಹೊಡಿಯಂಗಿಲ್ಲ,
ನಮ್ಮ ಅಕ್ಕನ ಮಗನೂ ಒಯ್ತಾನ..."

ಅವರು ಚಷ್ಮಾ ಏರಿಸಿದರು. ಬೈಯಲಿಲ್ಲ.
ತೋರುಬೆರಳು ಚಿತ್ರದ ಮೇಲೆ ಸರಿಯಿತು,
ಬಟ್ಟೆಯ ಮೇಲೆ ಸೀಮೆಸುಣ್ಣ ಸರಿದಂತೆ.
"ಈ ಹೊಲಿಗಿ ನಂದ ಅದ. ನಿಮ್ಮ ಎಡಭುಜ
ಅರ್ಧ ಇಂಚು ಇಳದದ ರೀ.
ಅಳತಿ ಬುಕ್ಕಿನ್ಯಾಗ ಬರದೀನಿ, ಇಪ್ಪತ್ತು ವರ್ಷ ಆಯ್ತು."

ಒಳಗೆ ಕುಕ್ಕರು ಕೂಗಿತು. ಬಾಗಿಲಲ್ಲಿ ಮಗಳು.
ಅವತ್ತು ಚೌಬಾರಾದಲ್ಲಿ ಆಕೆಯೇ ಕೇಳಿದ್ದಳು:
"ಅಪ್ಪಾಜಿ, ಎಲ್ಲಾರೂ ನಮ್ಮ ಕಡಿಗೇ ಯಾಕ ಬರ್ಲಿಕತ್ತಾರ?"

ನಾನೇ, ಅಂದೆ.
ಎರಡೇ ಅಕ್ಷರ. ಬಾಯೆಲ್ಲ ಒಣಗಿತು.

ಠಾಣೆಯ ಬೇವಿನ ಕೆಳಗೆ ಅರ್ಧ ದಿನ.
ಫೋನಿನಲ್ಲಿ ದೋಸ್ತ ರೇವಣಪ್ಪ:
"ಅಲ್ಲಿ ನಮ್ಮವರಿದ್ದಾರ, ತಡಿ, ಹೇಳಸ್ತೀನಿ."
ಬೇಡವೆಂದೆ. ಶೂರತನವೇನಲ್ಲ,
ಪಕ್ಕದಲ್ಲಿ ಚಾಚಾ ಕೂತಿದ್ದರು, ಅಂಗಡಿ ಮುಚ್ಚಿ,
ಯಾರದೋ ಮದುವೆ ಶೇರವಾನಿಗೆ ತೋಳು ಹಚ್ಚುವುದು ಬಿಟ್ಟು.
ದಂಡ ನಾನು ಕಟ್ಟಿದೆ.
ರಸೀದಿ ಬಂದದ್ದು ಅವರ ಹೆಸರಿಗೆ.
ಅದನ್ನು ತಿದ್ದಲು ಬರುವುದಿಲ್ಲವಂತೆ.
ಕೇಳಿದೆ. ಎರಡು ಸಲ ಕೇಳಿದೆ.

ಆಮೇಲೆ ಆರ್‌ಟಿಓ ಮೆಟ್ಟಿಲ ಮೇಲೆ ಫಾರ್ಮು.
ಮಾರಿದವರು ಇಲ್ಲಿ, ಕೊಂಡವರು ಇಲ್ಲಿ.
ನಿಧಾನಕ್ಕೆ ಉರ್ದುವಿನಲ್ಲಿ ಸಹಿ ಮಾಡಿ
ಪೆನ್ನು ನನ್ನ ಕೈಗಿತ್ತು ಕೇಳಿದರು:
"ಮುಂದಿನ ಅಂಗಿಗಿ ಎಡಕ್ಕ ಪ್ಯಾಡ್ ಕೊಡ್ಲೇನ್ರಿ?
ಯಾರಿಗೂ ಗೊತ್ತಾಗಂಗಿಲ್ಲ."

ಬ್ಯಾಡ ಚಾಚಾ, ಅಂದೆ,
ಇಳದಂಗೇ ಇರ್ಲಿ.