ಗಂಟೆ ಎಷ್ಟು

ಬಂದರಿನ ಸುಂಕದ ಕಚೇರಿಯ ಹುಡುಗ ಶೂಸಾಕು
ಕೋಟಿನ ಜೇಬಿನಿಂದ ಸರಪಳಿ ಎಳೆದು
ಬೆಳ್ಳಿ ಬಿಲ್ಲೆಯ ಮುಚ್ಚಳ ತೆರೆದು ಕೇಳಿದ:
‘ಅಜ್ಜ, ನಿಮ್ಮಲ್ಲೀಗ ಗಂಟೆ ಎಷ್ಟು?’

ಒಂದೇ, ಅಂದೆ.
ಅವನು ನಕ್ಕ. ನಾನು ತಮಾಷೆಗೆ ಹೇಳಿದ್ದಲ್ಲ.

ಇದೇ ಮೆಟ್ಟಿಲ ಮೇಲೆ ಇದೇ ಮಾತನ್ನು
ಮೊದಲು ಕೇಳಿದವರು ಕುರಿಹಾರ ತಟೆವಾಕಿ.
ಸೊಂಟದಲ್ಲಿ ಎರಡು ಕತ್ತಿ, ಕೈಯಲ್ಲಿ ಪಟ್ಟಿ,
ಆರನೆಯ ತಿಂಗಳ ಬೆವರು.
ಕೊಲ್ಲಿಯಲ್ಲಿ ಗಾಳಿಗೆದುರಾಗಿ ಹೊಗೆ ಕಾರುತ್ತ
ನಾಲ್ಕು ಕರಿ ಹಡಗು.
‘ಈ ಊರಲ್ಲಿ ಗಂಟೆ ಎಷ್ಟು?’
‘ಒಂದೇ, ಒಡೆಯ.’
‘ಇಳಿಸಿ.’

ಹದಿನಾರು ಜನ ಹೊತ್ತು ಮರಳಿಗೆ ತಂದೆವು.
ದಿಮ್ಮಿಗಳ ಮೇಲೆ ಅಡ್ಡ ಮಲಗಿಸಿ
ಬಾಯಿಯನ್ನು ಕಡಲಿಗೆ ತಿರುಗಿಸಿ
ಸುತ್ತ ದೊರೆಯ ಲಾಂಛನದ ಪರದೆ ಕಟ್ಟಿದೆವು.
ದೂರದಿಂದ ತೋಪಿನ ಹಾಗೆ ಕಾಣಬೇಕು, ಅಷ್ಟೆ.
ಹತ್ತಿರದಿಂದ
ಕುಡಿದು ಬಿದ್ದ ನೆಂಟನ ಹಾಗಿತ್ತು.

ಪಕ್ಕದಲ್ಲಿ ಕಾವಲು ನಿಂತ ಹುಡುಗನ ಮೈಮೇಲೆ
ಮುತ್ತಾತನ ಕವಚ, ಇಲಿ ಕಡಿದ ಲಾಡಿ.
ಶಿರಸ್ತ್ರಾಣದ ಗಂಟು ಹಾಕಲು ಬಾರದೆ
ನನ್ನ ಕಡೆ ಗದ್ದವೆತ್ತಿ ನಿಂತ.
ಹುಲ್ಲುಹೊರೆಯ ಗಂಟು ಹಾಕಿಕೊಟ್ಟೆ.
ಇನ್ನೂರು ವರ್ಷ ಯುದ್ಧವೇ ಕಾಣದ ನಾಡಿನಲ್ಲಿ
ಬೇರೆ ಗಂಟು ಯಾರಿಗೆ ನೆನಪಿರುತ್ತದೆ?

ಆ ದಿನಗಳಲ್ಲಿ ಊರಿಗೆ ಹೊತ್ತಿರಲಿಲ್ಲ.
ಬೂದಿಯ ಗೆರೆಯಲ್ಲಿ ತುಂಬಿದ ಧೂಪದ ಪುಡಿ
ಉರಿಯುತ್ತ ಮೂಲೆ ಮುಟ್ಟುತ್ತಿತ್ತು. ನಾನು ಎದ್ದು
ಹಗ್ಗಕ್ಕೆ ಕೈ ಎತ್ತಿ, ಸುಮ್ಮನೆ ಇಳಿಸುತ್ತಿದ್ದೆ.

ಅವರ ಹಡಗಿನಲ್ಲೂ ಒಂದಿತ್ತು. ಚಿಕ್ಕದು, ತೆಳುದನಿ.
ನಡುರಾತ್ರಿ ನೀರಿನ ಮೇಲೆ ಹಾಯ್ದು ಬಂತು.
ಎಣಿಸಿದೆ: ಎಂಟು.
ನಮ್ಮ ನಡುರಾತ್ರಿಗೆ ಒಂಬತ್ತು.
ಆ ಒಂದನ್ನು ಯಾರು ನುಂಗಿದರೆಂದು
ಬೆಳಗಿನವರೆಗೆ ಯೋಚಿಸಿದೆ.
ನಾಲ್ಕನೆಯ ದಿನ ನನ್ನ ಹೆಂಡತಿ ನುಯಿ
ಆ ದನಿ ಕೇಳಿ ಒಲೆಯ ಮೇಲೆ ಅಕ್ಕಿ ಇಟ್ಟಳು.
ಬೈದೆ.
ಆಮೇಲೆ ಉಂಡೆ.

ಗುಂಡು ಹಾರಲಿಲ್ಲ. ಕಾಗದ ಕೊಟ್ಟು ಹೋದರು,
ಉತ್ತರಕ್ಕೆಂದು ಮತ್ತೆ ಬಂದರು.
ಗಂಟೆಯೊಳಗಿನ ಮರಳನ್ನು ಸೌಟಿನಿಂದ ತೋಡಿ
ಮೇಲೇರಿಸಿದೆವು. ತುಟಿಯಲ್ಲೊಂದು ಬಿರುಕು, ಕೂದಲೆಳೆಯಷ್ಟು.
ಅಂದಿನಿಂದ ಅದರ ದನಿಯ ಬಾಲದಲ್ಲಿ ಸಣ್ಣ ಕೆಮ್ಮು.

ಅಕ್ಕಿಯ ಬೆಲೆ ಏರಿತು.
ಎಡೋ ಕೋಟೆಯಿಂದ ಷೋಗನ್ ಇಳಿದ ಸುದ್ದಿ
ಒಣಮೀನಿನ ಗಾಡಿಯವನ ಬಾಯಲ್ಲಿ ಬಂತು.
ನಮ್ಮ ದೊರೆ ಭೂಮಿಯ ಲೆಕ್ಕಪುಸ್ತಕಗಳನ್ನು ಕಟ್ಟಿ
ಚಕ್ರವರ್ತಿಗೆ ಒಪ್ಪಿಸಿ ಹೊರಟುಹೋದರು.
ಕೋಟೆಯ ತೊಲೆಗಳನ್ನು ಬಿಸಿನೀರಿನ ಸ್ನಾನಗೃಹದವನು ಸೌದೆಗೆ ಕೊಂಡ;
ಒಂದು ಚಳಿಗಾಲವಿಡೀ ನಾವು ಕೋಟೆಯಲ್ಲೇ ಮಿಂದೆವು.

ಕುರಿಹಾರ ಇನ್ನೊಮ್ಮೆ ಬಂದರು. ಜುಟ್ಟಿಲ್ಲ.
ಕತ್ತಿಯಿದ್ದ ಕಡೆ ತಕ್ಕಡಿ.
‘ಗಂಟೆ ಎಷ್ಟಕ್ಕೆ?’ ಎಂದರು, ನನ್ನ ಮುಖ ನೋಡದೆ.
ಒಡೆಯ ಅನ್ನಬೇಕೋ ಬೇಡವೋ ತಿಳಿಯದೆ
ಚಹಾ ಕೊಟ್ಟೆ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು
ತಳ ಕಾಣುವಷ್ಟು ಕುಡಿದರು.
ತೂಕಕ್ಕೆ ತಕ್ಕ ದುಡ್ಡು ಅವರಲ್ಲಿರಲಿಲ್ಲ.

ಮತ್ತೊಂದು ವರ್ಷ, ಹನ್ನೆರಡನೆಯ ತಿಂಗಳ
ಎರಡೇ ದಿನ ಕಳೆದು, ನಾಳೆ ಹೊಸವರ್ಷ ಎಂದರು.
ಸಾಲದವರು ತಿಂಗಳಿಗೆ ಮೊದಲೇ ಬಾಗಿಲು ಬಡಿದರು.
ಹೊತ್ತುಗಳಿಗೆಲ್ಲ ಇನ್ನು ಒಂದೇ ಅಳತೆಯಂತೆ.
ನಮ್ಮ ಹಗಲಿನ ಹೊತ್ತು ಬೇಸಿಗೆಗೆ ಹಿಗ್ಗಿ ಚಳಿಗೆ ಕುಗ್ಗುತ್ತಿತ್ತು,
ಮಲಗಿದ ನಾಯಿಯ ಹೊಟ್ಟೆಯಂತೆ.
ಯಾರೂ ತಗಾದೆ ತೆಗೆದಿರಲಿಲ್ಲ.

ಶೂಸಾಕು ಇನ್ನೂ ನಿಂತಿದ್ದ.
ಬಿಲ್ಲೆಯನ್ನು ನನ್ನ ಕಿವಿಗೆ ಒತ್ತಿದ. ಏನೂ ಕೇಳಲಿಲ್ಲ.
‘ಕೀಲಿ ಕೊಡಲು ಮರೆತೆ ಅಜ್ಜ,
ಕಚೇರಿಯಲ್ಲಿ ಗೊತ್ತಾದರೆ ಕೆಲಸ ಹೋದೀತು.’

ಇದು ಹಿಗನ್ ವಾರ, ಸತ್ತವರಿಗೆ ಸಿಹಿಯುಂಡೆ ಇಡುವ ಕಾಲ,
ಹಗಲಿರುಳು ಸರಿಸಮ.
ವರ್ಷಕ್ಕೆ ಎರಡು ಸಲ, ಬೈಗಿನಲ್ಲಿ,
ಅವನ ಲೆಕ್ಕ ನನ್ನ ಲೆಕ್ಕ ಎದುರುಬದುರು ಸಿಕ್ಕುತ್ತವೆ,
ಇಕ್ಕಟ್ಟು ದಾರಿಯಲ್ಲಿ ಇಬ್ಬರು ಹೊರೆಯಾಳುಗಳಂತೆ.

‘ನಿಲ್ಲು, ಹೊಡೆಯುತ್ತೇನೆ. ಎಣಿಸಿ ಇಟ್ಟುಕೋ.
ಮುಂದಿನ ತಿಂಗಳು ಬಂದು ಕೇಳಬೇಡ.’

ತೊಲೆಯನ್ನು ಹಿಂದಕ್ಕೆ ಜಗ್ಗಿ ಬಿಟ್ಟೆ.
ಕೆಳಗೆ ಅವನು ಉಗುರಿನ ತುದಿಯಲ್ಲಿ ಮುಳ್ಳು ಹಿಡಿದು
ತುಟಿಯಲ್ಲೇ ಎಣಿಸುತ್ತಿದ್ದ.
ಐದಾಯಿತು.
ಆರನೆಯದರ ಕೆಮ್ಮು ಕಡಲಲ್ಲಿ ಕರಗುವವರೆಗೂ
ಅವನು ಮುಳ್ಳು ಬಿಡಲಿಲ್ಲ.