ಉಬ್ಬು

ಎತೇರಿಯ ಬೇಕರಿಯ ಕಂಪ್ಯೂಟರ್ ಸಾಯುವುದು
ಬೆಳಗಿನ ಜಾವ ನಾಲ್ಕೂ ಹತ್ತಕ್ಕೆ.
ದಿನವೂ ಅಲ್ಲ. ವಾರಕ್ಕೆ ಎರಡು ಸಲ, ಮೂರು ಸಲ,
ಸೋಮವಾರವಾದರೆ ಖಂಡಿತ.
ಮಾತಿಲ್ಲ, ಕತೆಯಿಲ್ಲ, ನೀಲಿ ಪರದೆಯ ಮರ್ಯಾದೆಯೂ ಇಲ್ಲ,
ಫಕ್ಕನೆ ಕಪ್ಪು.
ಯಾವ ಹೋಟೆಲಿಗೆ ಎಷ್ಟು ಶೋಟಿ, ಯಾರ ಬಾಕಿ ಎಷ್ಟು,
ಬರೆದದ್ದು ಅರ್ಧ, ಉಳಿದದ್ದು ಗಾಳಿಗೆ.

"ಬೆಕಾನದೇ ಕೆಲಸ" ಅಂದಳು.
ತಂಗಿಯ ಮಗ. ಜನವರಿಯಲ್ಲಿ ಅದೇನೋ ಆಟ ತುಂಬಿದ್ದನಂತೆ.
ಅಂದಿನಿಂದ ಅವನಿಗೆ ಬೇಕರಿಯ ಬಾಗಿಲು ಮುಚ್ಚಿದೆ.
ನನಗಿಂತ ಮೊದಲು ಬಂದವನೂ ವೈರಸ್ ಎಂದ,
ಮೂರು ಸಲ ಎಲ್ಲ ಅಳಿಸಿದ, ಮೂರು ಸಲ ಹೊಸದಾಗಿ ತುಂಬಿದ,
ಮೂರು ಸಲ ದುಡ್ಡು ಎಣಿಸಿಕೊಂಡ.
ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ.

ನಾನು ಒಂದೊಂದೇ ಬದಲಿಸುವವನು.
ಎರಡು ಒಟ್ಟಿಗೆ ಬದಲಿಸಿದರೆ
ವಾಸಿಯಾದರೂ ರೋಗದ ಹೆಸರು ಗೊತ್ತಾಗುವುದಿಲ್ಲ.
ಕಂಬಳಿ ಸುತ್ತಿ, ರಿಯೋನಿ ಸೇತುವೆ ದಾಟಿ, ಅಂಗಡಿಗೆ ಹೊತ್ತು ತಂದೆ.
ಮುಚ್ಚಳ ತೆಗೆದರೆ ಒಳಗೆಲ್ಲ ಹಿಟ್ಟು.
ಊದಿದೆ. ಬೀದಿಯಲ್ಲಿ ಬಿಳಿ ಮೋಡ ಎದ್ದು ನಿಂತಿತು,
ಎದುರಿನ ಔಷಧಿ ಅಂಗಡಿಯ ಮ್ಜಿಯಾ ಬೈದಳು.
ಇದೇ ಇರಬೇಕು ಅಂದುಕೊಂಡೆ. ಅಂದುಕೊಳ್ಳುವುದು ಸುಲಭ.

ಮೆಮೊರಿಯ ಎರಡೂ ಪಟ್ಟಿಗಳನ್ನು ರಾತ್ರಿಯಿಡೀ ಪರೀಕ್ಷೆಗೆ ಕೂರಿಸಿದೆ:
ಬರೆ, ಓದು, ಬರೆದದ್ದನ್ನೇ ಓದಿದೆಯೋ ಹೇಳು.
ಒಂಬತ್ತು ಸುತ್ತು. ತಪ್ಪು ಸೊನ್ನೆ.
ಡಿಸ್ಕಿಗೆ ಕಿವಿಯಿಟ್ಟೆ, ಟಿಕ್ ಇಲ್ಲ, ಕೆರೆತವಿಲ್ಲ.
ಪ್ರೊಸೆಸರಿಗೆ ಹೊಸ ಪೇಸ್ಟ್ ಹಚ್ಚಿ
ಮೂರು ದಿನ ಮೈ ಕಾಯುವಷ್ಟು ದುಡಿಸಿದೆ.
ಡಾಕ್ಟರ ಮುಂದೆ ಕೂತ ಕೂಡಲೇ ಕೆಮ್ಮು ನಿಂತ ರೋಗಿ.
ವಾಪಸು ಕೊಟ್ಟೆ.
ಸೋಮವಾರ, ನಾಲ್ಕೂ ಹತ್ತು.

ಕೊನೆಗೆ ನಾನೇ ಹೋಗಿ ಕೂತೆ.
ಮೂರೂವರೆಗೆ ಕುತೈಸಿಯಲ್ಲಿ ನಾಯಿಗಳೂ ಮಲಗಿರುತ್ತವೆ.
ತೋನೆಯ ಮಣ್ಣಿನ ಹೊಟ್ಟೆಯಲ್ಲಿ ಬೆಂಕಿ ಕೆಂಪಗೆ.
ಎತೇರಿ ಸೊಂಟದವರೆಗೆ ಬಗ್ಗಿ
ಒಳಗೋಡೆಗೆ ಹಿಟ್ಟು ಬಡಿಯುತ್ತಿದ್ದಳು.
"ನೀನಿದ್ದರೆ ಸಾಯುವುದಿಲ್ಲ, ನಾಚಿಕೆ ಅದಕ್ಕೆ" ಅಂದು
ನಾದುವ ಯಂತ್ರದ ಗುಂಡಿ ಒತ್ತಿದಳು.
ಮೋಟಾರು ಗೊರ್ ಎಂದಿತು,
ಬಲ್ಬು ಒಮ್ಮೆ ಕಣ್ಣು ಮಿಟುಕಿಸಿತು, ಅಷ್ಟೇ.
ಪರದೆ ಕಪ್ಪು.

ಆದರೆ ಆ ಯಂತ್ರ ಹನ್ನೊಂದು ವರ್ಷದಿಂದ ಗೊರ್ ಎನ್ನುತ್ತಿದೆ.
ಭಾನುವಾರ ರಜೆ ಕಳೆದ ತಣ್ಣನೆಯ ಮೋಟಾರು
ಸೋಮವಾರ ಜಾಸ್ತಿ ಎಳೆಯುತ್ತದೆ, ಅದೂ ಹನ್ನೊಂದು ವರ್ಷದಿಂದ.
ಬದಲಾದದ್ದು ಯಾವುದು?

ಪವರ್ ಸಪ್ಲೈ ಕಿತ್ತು ಪಕ್ಕಕ್ಕಿಟ್ಟು ಎರಡು ಸಿಗರೇಟು ಸೇದಿದೆ.
ಒಳಗೆ ಉಳಿದ ಕಸುವು ಇಳಿಯಬೇಕು;
ಅವಸರದವನ ಬೆರಳು ನೋಡಬೇಕಿದ್ದರೆ ನನ್ನದಿದೆ, ನೋಡಿ.
ತಗಡು ಬಿಚ್ಚಿದೆ. ಕೆಪಾಸಿಟರುಗಳ ಸಾಲಿನಲ್ಲಿ
ದೊಡ್ಡದೊಂದರ, ಅದರ ಪಕ್ಕದ ಸಣ್ಣದೊಂದರ ತಲೆ ಉಬ್ಬಿತ್ತು.
ನೆತ್ತಿ ಬಿರಿದು ಕಂದು ಅಂಟು.
ಅವಳು ಹಿಟ್ಟಿನ ಕೈ ಒರೆಸಿಕೊಂಡು ಬಗ್ಗಿ ನೋಡಿ
"ಚೆನ್ನಾಗಿ ಉಬ್ಬಿದೆಯಲ್ಲ" ಅಂದಳು.
ಅವಳ ಮನೆತನದಲ್ಲಿ ಉಬ್ಬುವುದು ಒಳ್ಳೆಯ ಸುದ್ದಿ.

ಕರೆಂಟು ತಡವರಿಸಿದಾಗ
ಕೂಡಿಟ್ಟದ್ದರಿಂದ ತೆಗೆದು ಕೊಡುವುದು ಇದರ ಕೆಲಸ.
ಎವೆ ಬಡಿಯುವಷ್ಟು ಹೊತ್ತಿನ ಗಂಟು, ಹೆಚ್ಚಲ್ಲ.
ಅದೂ ಒಣಗಿತ್ತು. ಯಾರಿಗೂ ಹೇಳಿರಲಿಲ್ಲ.
ನಾಲ್ಕು ಶೋಟಿಯ ಬೆಲೆಗೆ ಹೊಸವೆರಡು ಸಿಗುತ್ತವೆ, ಅಂದೆ.

"ಹಾಗಾದರೆ ಬೆಕಾ?"
ಆಟ ಬಂದದ್ದು ಜನವರಿಯಲ್ಲಿ, ಇದು ಒಣಗಿದ್ದೂ ಜನವರಿಯಲ್ಲಿ,
ಅಷ್ಟೇ ನೆಂಟಸ್ತಿಕೆ.
ಅವಳು ತೋನೆಯೊಳಗೆ ಬಗ್ಗಿದವಳು ಬಹಳ ಹೊತ್ತು ಮೇಲೇಳಲಿಲ್ಲ.

ಮರುದಿನ ಬೆಸುಗೆ ಮುಗಿಸಿ ಕಾದೆ.
ಮೋಟಾರು ಗೊರ್. ಬಲ್ಬು ಮಿಟುಕು.
ಪರದೆಯ ಮೇಲೆ ಬಾಕಿಯವರ ಹೆಸರುಗಳು ಕೂತಲ್ಲೇ ಕೂತಿದ್ದವು.
ಅವಳು ತಿರುಗಿಯೂ ನೋಡಲಿಲ್ಲ,
ಎಲ್ಲಕ್ಕಿಂತ ಉದ್ದದ ಶೋಟಿ ಆರಿಸಿ ಕಾಗದದಲ್ಲಿ ಸುತ್ತಿದಳು:
"ಹಿಂದಿನ ಕಟ್ಟಡ, ಆರನೇ ಮಹಡಿ.
ಯಾರು ಕಳಿಸಿದ್ದೆಂದು ಹೇಳಬೇಡ."
ಇಡೀ ಬೀದಿಯಲ್ಲಿ ಆ ಮೂತಿಯ ಶೋಟಿ ಇನ್ನು ಯಾರೂ ಬಡಿಯುವುದಿಲ್ಲ.

ಕಂಕುಳಲ್ಲಿ ಬಿಸಿ,
ಜೇಬಿನಲ್ಲಿ ಎರಡು ಉಬ್ಬಿದ ತಲೆ.
ಲಿಫ್ಟು ಕೆಟ್ಟಿತ್ತು. ಅದು ನನ್ನ ಕೆಲಸವಲ್ಲ.
ಹತ್ತಿದೆ.